ಸಹಿಗೆ ಮುಂಚಿನ ಲೆಕ್ಕ

ಕಿರುಸಾಲ ವಸೂಲಿಯ ಹೆಸರಿನಲ್ಲಿ ನಡೆಯುತ್ತಿದ್ದ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಹಳ್ಳಿ ಹಳ್ಳಿಗಳಲ್ಲಿ ಮನೆಗೆ ಬೀಗ ಜಡಿದು ಊರು ಬಿಟ್ಟವರ, ಜೀವವನ್ನೇ ಕಳೆದುಕೊಂಡವರ ಸುದ್ದಿಗಳು ಸಾಲುಸಾಲಾಗಿ ಬಂದ ಮೇಲೆ ಬಂದ ಕಾನೂನು ಇದು. ಬೇಕಾಗಿತ್ತು. ಆದರೆ ಕಾನೂನು ಕೆಲಸ ಆರಂಭಿಸುವುದು ಸಾಲಗಾರ ಸೋತ ಮೇಲೆ. ಸಾಲದ ಕಾಗದಕ್ಕೆ ಸಹಿ ಬೀಳುವ ಮುಂಚಿನ ಅರ್ಧ ಗಂಟೆಯಲ್ಲಿ ಅದು ಯಾರ ಪಕ್ಕದಲ್ಲೂ ಕೂರುವುದಿಲ್ಲ. ಎಷ್ಟು ತೆಗೆದುಕೊಂಡರೆ ಎಷ್ಟು ಕಟ್ಟಬೇಕು, ಕಂತು ಯಾವ ಆದಾಯದಿಂದ ಬರುತ್ತದೆ, ಒಂದು ತಿಂಗಳು ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರು ಆ ಅರ್ಧ ಗಂಟೆಯಲ್ಲಿ ಬೇಕು. ಬೀದರ್, ಭಾಲ್ಕಿ, ಔರಾದಗಳಂಥ ಕಡೆ ಅಂಥವರು ಯಾರು ಎಂದು ಹುಡುಕಿದರೆ ಉತ್ತರ ದೂರದಲ್ಲೇನೂ ಇಲ್ಲ: ಆಯಾ ಊರಿನ ಪದವಿ ಕಾಲೇಜುಗಳಲ್ಲಿ ಬಿ.ಕಾಂ., ಬಿ.ಎ., ಪಶುವೈದ್ಯ, ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು. ಅವರಿಗೆ ಈ ಕೆಲಸವನ್ನು ಪಠ್ಯದ ಭಾಗವಾಗಿಯೇ ಒಪ್ಪಿಸಬೇಕು ಎಂಬುದು ಈ ಲೇಖನದ ವಾದ. ಅವರು ವೇದಿಕೆ ಹತ್ತಿ ಭಾಷಣ ಮಾಡಬೇಕೆಂದು ನಾನು ಹೇಳುತ್ತಿಲ್ಲ. ನಿರ್ಧಾರದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಲೆಕ್ಕ ಹಾಕಿಕೊಡಬೇಕು ಎನ್ನುತ್ತಿದ್ದೇನೆ.

ಲೆಕ್ಕದ ಮಾತನ್ನು ಲೆಕ್ಕದಿಂದಲೇ ನೋಡೋಣ. ಐವತ್ತು ಸಾವಿರ ರೂಪಾಯಿ ಸಾಲ, ವರ್ಷಕ್ಕೆ ಶೇ 12ರ ಫ್ಲ್ಯಾಟ್ ಬಡ್ಡಿ, 24 ಕಂತು. ಎರಡು ವರ್ಷಕ್ಕೆ ಬಡ್ಡಿ 12 ಸಾವಿರ; ಒಟ್ಟು 62 ಸಾವಿರ; ತಿಂಗಳಿಗೆ ಸುಮಾರು 2,583 ರೂಪಾಯಿ. ಕೊಡುವವರು ‘ನೂರಕ್ಕೆ ಒಂದೇ ರೂಪಾಯಿ’ ಎನ್ನುತ್ತಾರೆ, ಕೇಳುವವರಿಗೆ ಹಗುರವೆನಿಸುತ್ತದೆ. ಆದರೆ ಸಾಲಗಾರಳ ಕೈಯಲ್ಲಿ ಐವತ್ತು ಸಾವಿರ ಇರುವುದು ಮೊದಲ ತಿಂಗಳು ಮಾತ್ರ. ಪ್ರತಿ ಕಂತಿನಲ್ಲೂ ಅಸಲು ಕರಗುತ್ತ ವರ್ಷ ತುಂಬುವ ಹೊತ್ತಿಗೆ ಬಾಕಿ ಅರ್ಧದ ಆಸುಪಾಸಿಗೆ ಇಳಿದಿರುತ್ತದೆ. ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಐವತ್ತು ಸಾವಿರಕ್ಕೇ. ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದರೆ ಈ ಸಾಲದ ನಿಜವಾದ ಬಡ್ಡಿ ವರ್ಷಕ್ಕೆ ಶೇ 21.6, ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಎಂಬತ್ತು ಪೈಸೆ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರವನ್ನು ನೆಚ್ಚಿ ಇದಕ್ಕೆ ಸಹಿ ಹಾಕಿದವಳಿಗೆ ಪ್ರತಿ ತಿಂಗಳೂ 583 ರೂಪಾಯಿ ಬೇರೆಡೆಯಿಂದ ಬರಬೇಕು. ಗೃಹಲಕ್ಷ್ಮಿ ಹಣ ತಡವಾದ ತಿಂಗಳು ಪೂರ್ತಿ 2,583. ಈ ಲೆಕ್ಕಕ್ಕೆ ಅರ್ಥಶಾಸ್ತ್ರದ ಪಾಂಡಿತ್ಯವೇನೂ ಬೇಡ. ಒಂದು ಮೊಬೈಲು, ಒಂದು ಹಾಳೆ, ಹತ್ತು ನಿಮಿಷ ಸಾಕು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಲೆಕ್ಕ ಬರುವುದಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಕಿರಾಣಿ ಉದ್ರಿ, ಭಿಶಿಯ ಪಾಳಿ, ಕೂಲಿಯ ಬಾಕಿ ಎಲ್ಲವೂ ಅವರ ಬಾಯಲ್ಲಿರುತ್ತವೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಗಾಲಾ ಸಿನ್ಹಾ ಗ್ರಾಮೀಣ ಮಹಿಳೆಯರ ಸಹಕಾರಿ ಬ್ಯಾಂಕ್ ಕಟ್ಟಹೊರಟಾಗ ನಡೆದದ್ದು ಇದಕ್ಕೆ ಸಾಕ್ಷಿ. ಪ್ರವರ್ತಕರಲ್ಲಿ ಹೆಬ್ಬೆಟ್ಟಿನವರೇ ಹೆಚ್ಚು ಎಂಬ ಕಾರಣಕ್ಕೆ ಮೊದಲ ಅರ್ಜಿ ತಿರಸ್ಕೃತವಾಯಿತು. ಕೆಲ ತಿಂಗಳು ಅಕ್ಷರ ಕಲಿತು ಮತ್ತೆ ರಿಸರ್ವ್ ಬ್ಯಾಂಕಿಗೆ ಹೋದ ಆ ಹೆಂಗಸರು, ಯಾವುದೇ ಮೊತ್ತದ ಬಡ್ಡಿಯನ್ನು ನಿಮ್ಮ ಅಧಿಕಾರಿಗಳಿಗಿಂತ ಬೇಗ, ಕ್ಯಾಲ್ಕುಲೇಟರ್ ಇಲ್ಲದೆ ಹೇಳುತ್ತೇವೆ ಎಂದು ಸವಾಲು ಹಾಕಿದರು. 1997ರಲ್ಲಿ ಮಾಣದೇಶಿ ಬ್ಯಾಂಕ್ ಆರಂಭವಾಯಿತು. ಅವರಿಗೆ ಕಷ್ಟವಾಗಿದ್ದದ್ದು ಕಾಗದ. ಬೀದರ್ ಜಿಲ್ಲೆಯಲ್ಲೂ ಸಮಸ್ಯೆ ಅದೇ. ಬಾಯಿಲೆಕ್ಕ ‘ನೂರಕ್ಕೆ ಇಷ್ಟು’ ಎಂದು ತಿಂಗಳ ಮೇಲೆ ನಡೆಯುತ್ತದೆ. ಕಾಗದ ವಾರ್ಷಿಕ ಶೇಕಡಾ, ಸಂಸ್ಕರಣಾ ಶುಲ್ಕ, ವಿಮೆ ಕಡಿತ ಎಂದು ಬೇರೆಯದೇ ರೀತಿಯಲ್ಲಿ ಮಾತಾಡುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 70ರಷ್ಟು. ಮಹಿಳೆಯರಲ್ಲಿ ಇನ್ನೂ ಕಡಿಮೆ. ಆದರೆ ಅಂಥ ಎಷ್ಟೋ ಮನೆಗಳಲ್ಲಿ ಇಂದು ಕಾಲೇಜು ಮೆಟ್ಟಿಲು ಹತ್ತಿದ ಮಗಳೋ ಮೊಮ್ಮಗನೋ ಇದ್ದಾರೆ. ಬಾಯಿಲೆಕ್ಕವನ್ನೂ ಕಾಗದವನ್ನೂ ಒಟ್ಟಿಗೆ ಬಲ್ಲ ಮೊದಲ ತಲೆಮಾರು ಅದು.

ನಿಯಮಗಳು ಬದಲಾದದ್ದರಿಂದ ಈ ಕೆಲಸ ಇನ್ನಷ್ಟು ತುರ್ತಾಗಿದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಚೌಕಟ್ಟು ಕಿರುಸಾಲ ಸಂಸ್ಥೆಗಳ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆಯಿತು. ಬದಲಿಗೆ ಮಾಹಿತಿಯ ಮೇಲೆ ಭಾರ ಹಾಕಿತು: ಸಾಲದ ವಿವರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು, ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಕೂಡದು. 2024ರ ಅಕ್ಟೋಬರ್‌ನಿಂದ ಎಲ್ಲ ಚಿಲ್ಲರೆ ಸಾಲಗಳಿಗೂ ಪ್ರಮುಖ ಮಾಹಿತಿ ಪತ್ರ ಕಡ್ಡಾಯ. ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ವೆಚ್ಚದ ದರ ಅದರಲ್ಲಿರಲೇಬೇಕು. ಓದಿ ಹೋಲಿಸಬಲ್ಲವರಿಗೆ ಇದು ದೊಡ್ಡ ರಕ್ಷಣೆ. ಓದಲಾಗದವರಿಗೆ ಸಹಿ ಹಾಕಬೇಕಾದ ಇನ್ನೊಂದು ಹಾಳೆ, ಅಷ್ಟೇ. ಕೊಟ್ಟ ಹಕ್ಕು ಕೈಗೆ ಸಿಗಬೇಕಾದರೆ ಆ ಹಾಳೆಯನ್ನು ಎತ್ತಿಕೊಂಡು ‘ಅವ್ವಾ, ಇದರಲ್ಲಿ ಹೀಗೆ ಬರೆದೈತಿ’ ಎನ್ನುವವರು ಬೇಕು.

ಇಂಥ ಕೆಲಸಕ್ಕೆ ಬೀದರ್ ಹೊಸ ನೆಲವಲ್ಲ. ದೇಶದಲ್ಲಿ ನಬಾರ್ಡ್ 1992ರಲ್ಲಿ 500 ಗುಂಪುಗಳೊಂದಿಗೆ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿದಾಗ ಸಹಕಾರಿ ಬ್ಯಾಂಕುಗಳ ಪೈಕಿ ಅದನ್ನು ಬಹಳ ಗಂಭೀರವಾಗಿ ಕೈಗೆತ್ತಿಕೊಂಡದ್ದು ಬೀದರ್ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್. ಔರಾದ ತಾಲ್ಲೂಕಿನವರೇ ಆದ ಗುರುಪಾದಪ್ಪ ನಾಗಮಾರಪಳ್ಳಿ ಅವರ ನಾಯಕತ್ವದಲ್ಲಿ, ಹಳ್ಳಿಯ ಕೃಷಿ ಪತ್ತಿನ ಸೊಸೈಟಿಗಳನ್ನೇ ಮೆಟ್ಟಿಲು ಮಾಡಿಕೊಂಡು ಸಂಘಗಳು ಹಬ್ಬಿದವು. ವಾರಕ್ಕೊಮ್ಮೆ ಕೂಡುವುದು, ಉಳಿತಾಯ ಹಾಕುವುದು, ಯಾರಿಗೆ ಸಾಲ ಎಂದು ತಾವೇ ತೀರ್ಮಾನಿಸುವುದು ಜಿಲ್ಲೆಯ ಹೆಣ್ಣುಮಕ್ಕಳಿಗೆ ರೂಢಿಯಾದದ್ದು ಹೀಗೆ. ಅದರ ಒಂದು ದೌರ್ಬಲ್ಯ ಮಾತ್ರ ಉಳಿದೇಹೋಯಿತು. ಎಷ್ಟೋ ಸಂಘಗಳಲ್ಲಿ ಪುಸ್ತಕ ಬರೆಯಬಲ್ಲವರು ಒಬ್ಬರೇ. ಉಳಿದವರು ಅವರ ಮಾತನ್ನು ನಂಬಬೇಕು. ಆ ಒಬ್ಬರು ಊರು ಬಿಟ್ಟರೆ ಇಲ್ಲವೇ ಮನಸ್ಸು ಕೆಟ್ಟರೆ ಸಂಘವೇ ಮುರಿಯುತ್ತದೆ. ವಿದ್ಯಾರ್ಥಿಗಳು ಮೊದಲು ಕಾಲಿಡಬೇಕಾದ್ದು ಇಲ್ಲಿ: ಹೊಸ ಗುಂಪು ಕಟ್ಟುವ ಉತ್ಸಾಹ ಬೇಡ, ಇರುವ ಸಂಘದ ಪುಸ್ತಕವನ್ನು ಎಲ್ಲ ಸದಸ್ಯರ ಎದುರು ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಿ ಹೇಳಿದರೂ ದೊಡ್ಡ ಉಪಕಾರ.

ಕಾಲೇಜುಗಳ ಬಳಿ ಸಮಯ ಇದೆಯೇ? ಇದೆ. 1969ರಲ್ಲಿ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಒಬ್ಬ ಸ್ವಯಂಸೇವಕ ಎರಡು ವರ್ಷಕ್ಕೆ 240 ಗಂಟೆ ಸೇವೆ ಸಲ್ಲಿಸಬೇಕು, ಏಳು ದಿನದ ಹಳ್ಳಿ ಶಿಬಿರಕ್ಕೆ ಹೋಗಬೇಕು. ಉನ್ನತ ಭಾರತ ಅಭಿಯಾನದಲ್ಲಿ ಭಾಗವಹಿಸುವ ಸಂಸ್ಥೆಗಳು ಐದೈದು ಹಳ್ಳಿಗಳನ್ನು ದತ್ತು ಪಡೆಯಬೇಕು. ಬೀದರಿನ ಕರ್ನಾಟಕ ಕಾಲೇಜು, ಭೂಮರಡ್ಡಿ ಕಾಲೇಜು, ಭಾಲ್ಕಿಯ ಚನ್ನಬಸವೇಶ್ವರ ಕಾಲೇಜು, ಔರಾದದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಇವುಗಳ ಜೊತೆಗೆ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರಿನಲ್ಲಿದೆ. ಆದರೆ ಸೇವೆಯ ಈ ಗಂಟೆಗಳು ಬಹಳ ಕಡೆ ಕಳೆಯುವುದು ಗುಡಿಯ ಅಂಗಳ ಗುಡಿಸುವುದರಲ್ಲಿ, ಘೋಷಣೆ ಕೂಗುವ ಜಾಥಾದಲ್ಲಿ, ಸಮಾರೋಪದ ಸನ್ಮಾನದಲ್ಲಿ. ಶ್ರಮದಾನವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಗುಡಿಸುವ ಕೆಲಸ ಊರಿನವರಿಗೂ ಬರುತ್ತದೆ. ಬಡ್ಡಿಯ ಕಾಗದ ಓದುವುದು ಕಾಲೇಜಿನ ಹುಡುಗಿಗಷ್ಟೇ ಬರುತ್ತಿದ್ದರೆ ಅವಳ ಗಂಟೆಗಳು ಎಲ್ಲಿ ಸಲ್ಲಬೇಕು ಎಂಬುದು ಸ್ಪಷ್ಟ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಆರ್ಥಿಕ ಸಾಕ್ಷರತೆ’ಯ ಹೆಸರಿನಲ್ಲಿ ಸಭೆ ಕರೆದು, ಕರಪತ್ರ ಹಂಚಿ, ಫೋಟೊ ತೆಗೆಸಿಕೊಂಡರೆ ಜನರ ನಡವಳಿಕೆ ಬದಲಾಗುವುದಿಲ್ಲ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. 2014ರಲ್ಲಿ ಫರ್ನಾಂಡಿಸ್, ಲಿಂಚ್, ನೆಟೆಮೆಯರ್ ಎಂಬ ಸಂಶೋಧಕರು ಅದುವರೆಗಿನ ಸುಮಾರು ಇನ್ನೂರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಜನರ ಹಣಕಾಸು ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಇಂಥ ಶಿಕ್ಷಣದಿಂದ ವಿವರಿಸಬಹುದಾದ ಪಾಲು ಶೇ 0.1 ಮಾತ್ರ ಎಂದು ಕಂಡುಬಂತು. ಕಲಿತದ್ದು ತಿಂಗಳುಗಳು ಕಳೆದಂತೆ ಮರೆತೂ ಹೋಗುತ್ತದೆ. 2022ರಲ್ಲಿ ಪ್ರಕಟವಾದ, 76 ಪ್ರಯೋಗಗಳನ್ನು ಆಧರಿಸಿದ ಇನ್ನೊಂದು ವಿಶ್ಲೇಷಣೆ ಇಷ್ಟು ನಿರಾಶೆಯದ್ದಲ್ಲ. ಚೆನ್ನಾಗಿ ಕಲಿಸಿದರೆ ಪರಿಣಾಮ ಇದೆ ಎಂದು ಅದು ತೋರಿಸಿತು. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಪ್ರಶ್ನೆ ಕಲಿಸಬೇಕೆ ಬೇಡವೆ ಎಂಬುದರಿಂದ ಹೇಗೆ, ಯಾವಾಗ ಎಂಬುದಕ್ಕೆ ಸರಿಯುತ್ತದೆ.

ಡೊಮಿನಿಕನ್ ಗಣರಾಜ್ಯದಲ್ಲಿ ಸಣ್ಣ ವ್ಯಾಪಾರಿಗಳ ನಡುವೆ ನಡೆದ ಪ್ರಯೋಗ ಈ ‘ಹೇಗೆ’ಗೆ ಒಳ್ಳೆಯ ಉತ್ತರ ಕೊಡುತ್ತದೆ. ಒಂದು ಗುಂಪಿಗೆ ಕ್ರಮಬದ್ಧ ಲೆಕ್ಕಶಾಸ್ತ್ರ ಹೇಳಿಕೊಟ್ಟರು. ಇನ್ನೊಂದಕ್ಕೆ ಮನೆಯ ಹಣ ಬೇರೆ, ಅಂಗಡಿಯ ಹಣ ಬೇರೆ ಎಂಬಂಥ ಕೆಲವೇ ಸರಳ ಸೂತ್ರಗಳನ್ನು. ಲೆಕ್ಕಶಾಸ್ತ್ರ ಕಲಿತವರಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಸೂತ್ರ ಕಲಿತವರ ಹಣ ನಿರ್ವಹಣೆ ಸುಧಾರಿಸಿತು. ಅಹಮದಾಬಾದಿನ ಒಂದು ಅಧ್ಯಯನದಲ್ಲಿ ಬರೀ ವಿಡಿಯೊ ಪಾಠದಿಂದ ಪ್ರಯೋಜನವಾಗಲಿಲ್ಲ. ಪಾಠದ ಜೊತೆಗೆ ಗುರಿ ಬರೆಸಿ, ವೈಯಕ್ತಿಕವಾಗಿ ಕೂತು ಸಲಹೆ ಕೊಟ್ಟಾಗ ಜನ ನಿಜವಾಗಿಯೂ ಖಾತೆ ತೆರೆದರು, ಉಳಿತಾಯ ಮಾಡಿದರು. ಅದೇ ಊರಿನಲ್ಲಿ ಸೇವಾ ಬ್ಯಾಂಕಿನ ಮಹಿಳಾ ಗ್ರಾಹಕರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟಾಗ, ಗೆಳತಿಯನ್ನು ಜೊತೆಗೆ ಕರೆತಂದವರು ಮುಂದೆ ವ್ಯಾಪಾರಕ್ಕಾಗಿ ಸಾಲ ಪಡೆದದ್ದೂ ಮನೆಯ ಆದಾಯ ಹೆಚ್ಚಿಸಿಕೊಂಡದ್ದೂ ಕಂಡಿತು. ಒಬ್ಬೊಬ್ಬರೇ ಬಂದವರಲ್ಲಿ ಅಂಥ ಫಲ ಕಾಣಲಿಲ್ಲ. ಕಡಿಮೆ ಸೂತ್ರ, ಎದುರು ಕೂತ ಮಾತು, ಜೊತೆಗೊಬ್ಬ ಗೆಳತಿ. ಈ ಮೂರನ್ನೂ ಒದಗಿಸಲು ದೊಡ್ಡ ತಜ್ಞರು ಬೇಕಿಲ್ಲ. ಪಕ್ಕದ ಓಣಿಯ ಕಾಲೇಜು ಹುಡುಗಿ ಸಾಕು.

‘ಯಾವಾಗ’ ಎಂಬುದಕ್ಕೆ ಉತ್ತರ ಆಯಾ ಊರಿನ ದುಡಿಮೆಯಲ್ಲಿದೆ. ಬೀದರ್ ನಗರದ ಬಿದರಿ ಕೆಲಸವನ್ನೇ ತೆಗೆದುಕೊಳ್ಳಿ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕೀರ್ತಿ ಬಂದಷ್ಟು ಹಣ ಕಾರಿಗರರ ಮನೆಗೆ ಬರಲಿಲ್ಲ. ಇಲ್ಲಿ ದುಬಾರಿ ಕಚ್ಚಾ ಮಾಲು ಬೆಳ್ಳಿ. ಅದರ ದರ ಏರಿದಾಗ ಸ್ವಂತ ಬಂಡವಾಳ ಇಲ್ಲದವರು ಬೆಳ್ಳಿ ಒದಗಿಸುವ ವ್ಯಾಪಾರಿಯ ಕೈಕೆಳಗೆ ಕೂಲಿಗೆ ಕೂರುತ್ತಾರೆ. ಸ್ವಂತವಾಗಿ ಮಾಡುವವರಲ್ಲೂ ಹೂದಾನಿಯೊಂದರ ಬೆಲೆ ಕಟ್ಟುವಾಗ ಬೆಳ್ಳಿ, ಸತು, ಇದ್ದಿಲುಗಳ ಖರ್ಚು ಸೇರುತ್ತದೆ. ತಮ್ಮ ದಿನಗಳ ಕೂಲಿ, ಮನೆಯ ಹೆಂಗಸರು ಮಾಡಿದ ಕೆಲಸ, ಮಾರಾಟವಾಗದೆ ಕಪಾಟಿನಲ್ಲಿ ಕೂತ ಮಾಲಿನಲ್ಲಿ ಸಿಕ್ಕಿಬಿದ್ದ ಹಣದ ಬಡ್ಡಿ ಸೇರುವುದು ಅಪರೂಪ. ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿ ‘ವೆಚ್ಚ ಲೆಕ್ಕ’ ಎಂಬ ಪತ್ರಿಕೆಯಲ್ಲಿ ಕಲಿಯುವುದು ಇದನ್ನೇ. ಆದರೆ ಪಠ್ಯಪುಸ್ತಕದಲ್ಲಿ ಉದಾಹರಣೆಗೆ ಬರುವುದು ಎಲ್ಲೋ ಇರುವ ಕಾರ್ಖಾನೆ; ಬೀದರಿನ ಚೌಬಾರಾದ ಸುತ್ತಲಿನ ಬಿದರಿ ಕಾರ್ಖಾನೆಗಳು ಅವನ ಬಸ್ಸಿನ ದಾರಿಯಲ್ಲೇ ಇವೆ. ಒಬ್ಬ ಕಾರಿಗರನ ಒಂದು ವಸ್ತುವಿನ ಸಂಪೂರ್ಣ ವೆಚ್ಚವನ್ನು ಅವರೊಂದಿಗೆ ಕೂತು ಬರೆದರೆ ಯಾವ ಆರ್ಡರ್ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ಕಾರಿಗರನಿಗೆ ತಿಳಿಯುತ್ತದೆ. ಹುಡುಗನಿಗೆ ಆ ಪತ್ರಿಕೆ ಜನ್ಮದಲ್ಲಿ ಮರೆಯುವುದಿಲ್ಲ.

ಭಾಲ್ಕಿ, ಔರಾದಗಳಲ್ಲಿ ಹಣದ ಕಾಲಮಾನವೇ ಬೇರೆ. ಮುಂಗಾರಿನ ಸೋಯಾ, ಉದ್ದು, ಹೆಸರು, ತೊಗರಿಗೆ ಜೂನ್‌ನಲ್ಲಿ ಬೀಜ ಗೊಬ್ಬರದ ಸಾಲ. ರಾಶಿ ಆಗುವುದು ತಿಂಗಳುಗಳ ನಂತರ. ಬೆಳೆ ವಿಮೆಯ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ 2 ಮಾತ್ರ. ಆದರೆ ಆಲಿಕಲ್ಲು ಬಿದ್ದು, ನೀರು ನಿಂತು ಬೆಳೆ ಹೋದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು. ಆ ಮೂರು ದಿನಗಳಲ್ಲಿ ರೈತನಿಗೆ ಬೇಕಾದ್ದು ಮೊಬೈಲ್‌ನಲ್ಲಿ ದೂರು ದಾಖಲಿಸಿಕೊಡುವ ಕೈ. ರಾಶಿಯ ಹೊತ್ತಿನಲ್ಲಿ ಸೋಯಾ ದರ ಬೆಂಬಲ ಬೆಲೆಗಿಂತ ಕೆಳಗಿಳಿಯುವುದನ್ನು ಈ ತಾಲ್ಲೂಕುಗಳು ಮತ್ತೆ ಮತ್ತೆ ಕಂಡಿವೆ; 2024–25ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಇತ್ತು. ಖರೀದಿ ಕೇಂದ್ರದ ನೋಂದಣಿ ಯಾವಾಗ, ಉದಗೀರಿಗೋ ಲಾತೂರಿಗೋ ಒಯ್ದರೆ ಬಾಡಿಗೆ ಕಳೆದು ಏನು ಉಳಿಯುತ್ತದೆ, ಸಾಲದ ಬಡ್ಡಿ ಬೆಳೆಯುತ್ತಿರುವಾಗ ಮಾಲನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳುವುದು ಲಾಭವೇ ನಷ್ಟವೇ ಎಂಬ ಪ್ರಶ್ನೆಗಳು ಅಡತಿ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಬಗೆಹರಿಯಬೇಕು. ಹೈನದ ಸಾಲದಲ್ಲಿ ಇನ್ನೊಂದು ತೊಡಕಿದೆ. ಕರು ಹಾಕಿದ ಎಮ್ಮೆ ಕೆಲವು ತಿಂಗಳು ಹಾಲು ಕೊಟ್ಟು ಬತ್ತುತ್ತದೆ, ಕಂತು ಬತ್ತುವುದಿಲ್ಲ. ಎಮ್ಮೆಯ ಎರಡು ಕರುಗಳ ನಡುವಿನ ಅಂತರವನ್ನು ಪಶುವೈದ್ಯ ವಿದ್ಯಾರ್ಥಿಯಷ್ಟು ಚೆನ್ನಾಗಿ ಯಾವ ಸಾಲದ ಏಜೆಂಟನೂ ಹೇಳಲಾರ. ಒಂದೇ ಎಮ್ಮೆಗೆ ಸಾಲ ತೆಗೆಯುವ ಬದಲು ಬೇರೆ ಬೇರೆ ಹೊತ್ತಿಗೆ ಈಯುವ ಎರಡು ಪ್ರಾಣಿಗಳು ಬೇಕೆ, ಇಲ್ಲ ಆಡಿನಿಂದ ಶುರುಮಾಡುವುದು ಲೇಸೆ ಎಂಬುದು ಅವನ ವಿದ್ಯೆಯೂ ಹೌದು, ಆ ಮನೆಯ ಬದುಕೂ ಹೌದು.

ಕಲಿಸುವ ಭಾಷೆಯ ಬಗ್ಗೆ ಈ ನೆಲದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಮನೆಯ ಮಾತಿನಲ್ಲಿ ಕಲಿಸದಿದ್ದರೆ ವಿದ್ಯೆ ಒಳಗಿಳಿಯುವುದಿಲ್ಲ ಎಂದು ತಿಳಿದೇ ಅವರು ಆ ಅಪಾಯಕ್ಕೆ ಎದೆಗೊಟ್ಟರು. ಅದೇ ತಿಳಿವಳಿಕೆ ಇಂದು ಬೇಡುವುದು ಔರಾದದ ಗಡಿ ಹಳ್ಳಿಯಲ್ಲಿ ಮರಾಠಿಯನ್ನು, ತಾಂಡಾದಲ್ಲಿ ಲಂಬಾಣಿಯನ್ನು, ಬೀದರಿನ ಹಳೆ ಓಣಿಗಳಲ್ಲಿ ಉರ್ದುವನ್ನು, ಉಳಿದೆಡೆ ನಮ್ಮ ಕನ್ನಡವನ್ನು. ಬೆಂಗಳೂರಿನಲ್ಲಿ ಅಚ್ಚಾದ ಕೈಪಿಡಿ ಇಷ್ಟೂ ಬಾಗಿಲು ತಟ್ಟಲಾರದು. ಇಲ್ಲಿಯ ಒಂದು ತರಗತಿಯಲ್ಲಿ ಈ ನಾಲ್ಕೂ ಮಾತಿನ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ.

ಆಕ್ಷೇಪಗಳಿವೆ, ಮತ್ತು ಅವು ಗಟ್ಟಿಯಾಗಿವೆ. ಮೊದಲನೆಯದು: ಜನ ಸಾಲಕ್ಕೆ ಬೀಳುವುದು ಲೆಕ್ಕ ಬಾರದ್ದಕ್ಕಲ್ಲ, ಆದಾಯ ಸಾಲದ್ದಕ್ಕೆ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು, ಔರಾದ ಅದರಲ್ಲೊಂದು. ಮಳೆ ಕೈಕೊಟ್ಟು, ಆಸ್ಪತ್ರೆ ಖರ್ಚು ಎದುರಾದ ಮನೆಗೆ ಶೇ 21.6 ಎಂದು ತಿಳಿಸಿಬಿಟ್ಟರೆ ಸಾಲ ತಪ್ಪುವುದಿಲ್ಲ. ಈ ಮಾತು ನಿಜ. ನೀರಾವರಿ, ಉದ್ಯೋಗ, ಸರ್ಕಾರಿ ಆಸ್ಪತ್ರೆಗಳ ಬದಲಿಗೆ ಲೆಕ್ಕದ ಪಾಠ ಕೊಡುತ್ತೇವೆ ಎಂದು ಯಾವ ಸರ್ಕಾರವಾದರೂ ಹೇಳಿದರೆ ಅದನ್ನು ವಿರೋಧಿಸಲೇಬೇಕು. ಆದರೆ ಬಡವರಿಗೆ ತಪ್ಪು ಲೆಕ್ಕದ ದಂಡ ಉಳ್ಳವರಿಗಿಂತ ಹೆಚ್ಚು. ಅನಿವಾರ್ಯ ಸಾಲವನ್ನೂ ಸೊಸೈಟಿಯಿಂದ ತೆಗೆಯುವುದಕ್ಕೂ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ, ಅಂದರೆ ವರ್ಷಕ್ಕೆ ಶೇ 36ರಂತೆ, ಕೈಸಾಲ ತೆಗೆಯುವುದಕ್ಕೂ ಐವತ್ತು ಸಾವಿರಕ್ಕೆ ವರ್ಷದಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಖಾತೆಯಲ್ಲಿ ನವೀಕರಣಗೊಂಡಿದೆಯೇ ಎಂದು ನೋಡಿಕೊಟ್ಟರೆ, ದುಡಿಯುವವನು ಹೋದ ಮನೆಗೆ ಎರಡು ಲಕ್ಷ ಸಿಗುತ್ತದೋ ಇಲ್ಲವೋ ಎಂಬುದು ಅದರಿಂದಲೇ ನಿರ್ಧಾರವಾಗಬಹುದು.

ಎರಡನೆಯ ಆಕ್ಷೇಪ: ಒಂದು ರೂಪಾಯಿಯ ವ್ಯಾಪಾರ ಮಾಡದ ಇಪ್ಪತ್ತರ ಹುಡುಗರು ಉದ್ಯಮಶೀಲತೆ ಏನು ಕಲಿಸಿಯಾರು? ಏನನ್ನೂ ಕಲಿಸಬಾರದು ಎಂಬುದೇ ನನ್ನ ಉತ್ತರ. ‘ಉದ್ಯಮಿಯಾಗಿ’ ಎಂದು ಹುರಿದುಂಬಿಸುವುದು ಅವರ ಕೆಲಸವಲ್ಲ. ಕಸುಬು ಬೇಕಾದವರಿಗೆ ತರಬೇತಿ ಕೊಡಲು, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯನ್ನೇ ಅನುಸರಿಸಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಉಚಿತ ಸಂಸ್ಥೆಗಳಿವೆ. ವಿದ್ಯಾರ್ಥಿ ಮಾಡಬೇಕಾದ್ದು ಕೇಳುವುದು, ಬರೆಯುವುದು, ಕೂಡಿಸಿ ತೋರಿಸುವುದು, ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವುದು. ಖಡಕ್ ರೊಟ್ಟಿ ಮಾಡಿ ಮಾರುವ ಸಂಘಕ್ಕೆ ಜೋಳ, ಕಟ್ಟಿಗೆ, ಪ್ಯಾಕೆಟ್ಟಿನ ಖರ್ಚಿನ ಜೊತೆ ತಟ್ಟುವ ಕೈಗಳ ಕೂಲಿಯನ್ನೂ ಸೇರಿಸಿದಾಗ ರೊಟ್ಟಿಗೆ ಎಷ್ಟು ಬೀಳುತ್ತದೆ ಎಂಬ ಒಂದು ಸಂಖ್ಯೆ ಸಿಕ್ಕರೆ, ಮುಂದಿನ ತೀರ್ಮಾನ ಆ ಹೆಂಗಸರದು. ಎಷ್ಟೋ ಸಲ ಆ ಲೆಕ್ಕದ ಫಲ ‘ಈ ಸಾಲ ಬೇಡ’ ಎಂಬ ಮಾತಾಗಿರುತ್ತದೆ. ಸರ್ಕಾರಿ ವರದಿಗಳಲ್ಲಿ ಆರಂಭವಾದ ಉದ್ಯಮಗಳ ಎಣಿಕೆಗೆ ಅಂಕಣವಿದೆ, ತಪ್ಪಿದ ಸಾಲಗಳ ಎಣಿಕೆಗೆ ಇಲ್ಲ. ಈ ಕೆಲಸಕ್ಕೆ ಅಂಥ ಅಂಕಣವೊಂದನ್ನು ಸೇರಿಸಲೇಬೇಕು.

ಮೂರನೆಯದು ಅತಿ ಗಂಭೀರವಾದದ್ದು. ವಿದ್ಯಾರ್ಥಿಗಳಿಗಿರುವ ಊರಿನ ನಂಬಿಕೆಯನ್ನು ಕಂಪನಿಗಳು ಬಳಸಿಕೊಳ್ಳುವ ಅಪಾಯ. ಇಂಟರ್ನ್‌ಶಿಪ್ ಹೆಸರಿನಲ್ಲಿ ವಿಮೆ ಪಾಲಿಸಿ ಮಾರಿಸುವುದು, ಸಾಲದ ಆ್ಯಪ್ ಹಾಕಿಸುವುದು, ಷೇರು ಖಾತೆ ತೆರೆಸಿದ್ದಕ್ಕೆ ತಲೆಗಿಷ್ಟು ಎಂದು ಕೊಡುವುದು ಎಲ್ಲವೂ ಸಾಧ್ಯ. ಒಮ್ಮೆ ಹೀಗಾದರೆ ಆ ಹಳ್ಳಿಯ ಬಾಗಿಲು ಮುಂದಿನ ಹತ್ತು ವರ್ಷ ತೆರೆಯುವುದಿಲ್ಲ. ಆದ್ದರಿಂದ ಈ ಕಾರ್ಯಕ್ರಮಕ್ಕೆ ಯಾವ ಹಣಕಾಸು ಕಂಪನಿಯ ಪ್ರಾಯೋಜನೆಯೂ ಕೂಡದು, ವಿದ್ಯಾರ್ಥಿ ಯಾರ ಉತ್ಪನ್ನವನ್ನೂ ಮಾರಕೂಡದು, ಯಾರ ಪಿನ್ ಅನ್ನೂ ಒಟಿಪಿಯನ್ನೂ ಕೇಳಕೂಡದು, ಯಾರ ಹಣವನ್ನೂ ಕೈಯಲ್ಲಿ ಹಿಡಿಯಕೂಡದು. ಇಬ್ಬಿಬ್ಬರಾಗಿ, ಹಗಲು ಹೊತ್ತಿನಲ್ಲಿ, ಸಂಘದ ಸಭೆಗೇ ಹೋಗಬೇಕು. ಹೆಣ್ಣುಮಕ್ಕಳ ಮನೆಯವರಿಗೆ ಇರುವ ಸಹಜ ಆತಂಕಕ್ಕೂ ಇದರಿಂದ ಪರಿಹಾರ ಸಿಗುತ್ತದೆ. ಸರ್ಕಾರದ ಸಿಬ್ಬಂದಿಯ ಕೆಲಸವನ್ನು ಮಕ್ಕಳಿಂದ ಪುಕ್ಕಟೆ ಮಾಡಿಸಿದಂತಾಗುತ್ತದೆ ಎನ್ನುವವರಿಗೆ ಹೇಳುವುದಿಷ್ಟೇ: ಪುಕ್ಕಟೆ ಆಗಬಾರದು. ಬಸ್ಸಿನ ಖರ್ಚು ಕಾಲೇಜು ಕೊಡಲಿ, ಕೆಲಸಕ್ಕೆ ಕ್ರೆಡಿಟ್ ಸಿಗಲಿ, ಮಾರ್ಗದರ್ಶನ ಮಾಡುವ ಅಧ್ಯಾಪಕರ ಕೆಲಸದ ಅವಧಿಯಲ್ಲಿ ಅದಕ್ಕೆ ಲೆಕ್ಕ ಸಿಗಲಿ.

ಇದನ್ನು ಮಾಡುವ ಅಧಿಕಾರ ಈಗ ಜಿಲ್ಲೆಯ ಒಳಗೇ ಇದೆ. ಮೊದಲು ಪಠ್ಯಕ್ರಮದ ಮಾತೆಲ್ಲ ಕಲಬುರಗಿಯಲ್ಲಿ ಆಗುತ್ತಿತ್ತು. 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಇಲ್ಲಿಯ ಕಾಲೇಜುಗಳಿಗೆ ತಮ್ಮದೇ ಪಠ್ಯ ಮಂಡಳಿಗಳಿವೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಮಾತು ಸಚಿವ ಸಂಪುಟ ಉಪಸಮಿತಿಯಲ್ಲಿ ಬಂದಾಗ ಬೀದರ್ ಒಂದನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನವಾಯಿತು. ಉಳಿದುಕೊಂಡ ವಿಶ್ವವಿದ್ಯಾಲಯ ತನ್ನ ಜಿಲ್ಲೆಗೆ ಏನು ಕೊಟ್ಟಿತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಕುಲಪತಿಗಳೂ ಪಠ್ಯ ಮಂಡಳಿಯ ಸದಸ್ಯರೂ ಬಿ.ಕಾಂ. ಮತ್ತು ಬಿ.ಎ. ಪದವಿಗಳಲ್ಲಿ ಎರಡು ಕ್ರೆಡಿಟ್‌ನ ಕ್ಷೇತ್ರ ಪತ್ರಿಕೆಯೊಂದನ್ನು ತರಲಿ. ಮೊದಲ ವರ್ಷಕ್ಕೆ ಬೀದರ್, ಭಾಲ್ಕಿ, ಔರಾದಗಳ ಒಂದೊಂದು ಕಾಲೇಜು, ಒಂದೊಂದಕ್ಕೆ ಹತ್ತು ಸಂಘಗಳು ಸಾಕು. ಡಿಸಿಸಿ ಬ್ಯಾಂಕ್ ಮತ್ತು ಸಂಜೀವಿನಿ ಯೋಜನೆಯ ಮಹಿಳಾ ಒಕ್ಕೂಟಗಳು ಸಂಘಗಳ ಬಾಗಿಲು ತೆರೆದುಕೊಡಲಿ. ಮುಂಗಾರಿನ ಸಾಲ ಶುರುವಾಗುವುದು ಮೇ ಕೊನೆಗೆ. ತಯಾರಿ ಅದಕ್ಕೆ ಮುಂಚೆಯೇ ಆಗಲಿ.